ಓಲೆ ಹಾಕಿದ ಮಾತು

ನಮ್ಮ ಅಕ್ಕೋರು ಸ್ವಂತ ಇಚ್ಛೆಯಿಂದ ಕೆಲಸ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕ ಮಾತು ಆಮೇಲೆ.

ಹೋದ ತಿಂಗಳು ಅವರು ತೀರಿಕೊಂಡರು. ರಾಜಾಜಿನಗರದ ನಮ್ಮ ಹಳೇ ಸ್ಕೂಲಿನಲ್ಲೇ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದರು. ಫೋಟೋಗೆ ಹಾರ, ಎರಡು ನಿಮಿಷ ಮೌನ, ಆಮೇಲೆ ನಾಲ್ಕು ಜನರ ಮಾತು. ಈಗಿನ ಕಾರ್ಯದರ್ಶಿ ಒಳ್ಳೆಯ ಮನುಷ್ಯರು, ಆ ಕಾಲಕ್ಕೆ ಹುಟ್ಟಿರಲೂ ಇಲ್ಲ. ಸ್ಕೂಲಿನ ದಾಖಲೆ ತೆಗೆಸಿ ನೋಡಿ, ಒಂದು ಹಾಳೆ ಬರೆದುಕೊಂಡು ಬಂದಿದ್ದರು. “ನಮ್ಮ ಶಾಲೆಯಲ್ಲಿ ಮೂರು ವರ್ಷ ಇಂಗ್ಲಿಷ್ ಬೋಧಿಸಿ, ಕೌಟುಂಬಿಕ ಕಾರಣಗಳಿಗಾಗಿ ಸ್ವ-ಇಚ್ಛೆಯಿಂದ ರಾಜೀನಾಮೆ ನೀಡಿದರು” ಎಂದು ಓದಿದರು. ನನಗೆ ಮಂಡಿನೋವು, ಎದ್ದು ನಿಲ್ಲಬೇಕಾದರೆ ಮುಂದಿನ ಕುರ್ಚಿ ಹಿಡಿದುಕೊಳ್ಳಬೇಕು. ಹಿಡಿದುಕೊಂಡೇ ಎದ್ದೆ.

“ಇಲ್ಲ ಸಾರ್, ಹಾಗಾಗ್ಲಿಲ್ಲ” ಅಂದೆ.

ಅವರು ಗಾಬರಿಯಾಗಿ ಹಾಳೆ ನೋಡಿಕೊಂಡರು. “ದಾಖಲೇಲಿ ಹಾಗೇ ಇದೆ ಮೇಡಂ.”

“ದಾಖಲೇಲಿ ಇರೋದು ಯಾರೋ ಬರೆದಿದ್ದು. ನಾನು ಬಾಗಿಲ ಹತ್ರ ನಿಂತಿದ್ದೆ.”

ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಸೆರಗು ಹಿಡಿದು ಜಗ್ಗಿದಳು. “ಹೋದವರ ಫೋಟೋ ಮುಂದೆ ಜಗಳ ಬೇಡ ಕಣೇ, ಕೂತ್ಕೋ” ಅಂದಳು. ಕೂತೆ. ಆಮೇಲೆ ಉಪ್ಪಿಟ್ಟು, ಕಾಫಿ. ಅಲ್ಲಿ ಕೂತದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮ ಸ್ಕೂಲಿಗೆ ಬಂದಾಗ ನಾನು ಎಂಟನೇ ಕ್ಲಾಸು. ಎಪ್ಪತ್ತರ ದಶಕದ ನಡುವಿನ ಮಾತು. ಆಗ ರಾಜಾಜಿನಗರದ ಕೊನೇ ಬೀದಿ ದಾಟಿದರೆ ರಾಗಿ ಹೊಲ. ಈಗ ಬಸವೇಶ್ವರನಗರ ಅನ್ನುವ ಕಡೆ ಸೈಟು ಗುರುತಿನ ಕಲ್ಲು ನೆಟ್ಟಿದ್ದರು, ಆ ಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ನಮ್ಮ ಸ್ಕೂಲಿನಲ್ಲಿ ಓದುತ್ತಿದ್ದದ್ದು ಹೆಚ್ಚಾಗಿ ಫ್ಯಾಕ್ಟರಿ ಕೆಲಸದವರ ಮಕ್ಕಳು. ನನ್ನ ಅಪ್ಪನೂ ಒಂದು ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಅಂತ ಓಡಾಡಿಕೊಂಡಿದ್ದವರು. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಮಣೆ ಮುಂದೆ ಕೂತು ಕರಿ ಮಸಾಲೆಯನ್ನು ಕಡ್ಡಿಗೆ ಉಜ್ಜುತ್ತಾ ಉಜ್ಜುತ್ತಾ ಅವಳ ಬೆರಳಿನ ರೇಖೆಗಳೇ ಅಳಿಸಿಹೋಗಿದ್ದವು.

ಅಕ್ಕೋರು ಗದಗಿನ ಕಡೆಯವರು. ಮದುವೆಯಾಗಿರಲಿಲ್ಲ. ವಿಜಯನಗರದಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ, ಜೊತೆಗೆ ವಯಸ್ಸಾದ ತಾಯಿ. ಅಲ್ಲಿಂದ ಮಾಗಡಿ ರಸ್ತೆ ದಾಟಿ ಸ್ಕೂಲಿಗೆ ನಡೆದೇ ಬರುತ್ತಿದ್ದರು. ಬಸ್ಸು ಇರಲಿಲ್ಲ ಎಂದಲ್ಲ, ಕಾಯುವುದು ಅವರ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಗಂಡಸರು ಹಿಡಿಯುವಂಥ ದೊಡ್ಡ ಕರೀ ಕೊಡೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ರೊಟ್ಟಿ ಮುರಿಯುವ ಸದ್ದು ನಮಗೆ ವರಾಂಡಕ್ಕೆ ಕೇಳುತ್ತಿತ್ತು. ಉಳಿದ ಟೀಚರುಗಳು ಅದನ್ನು ಆಡಿಕೊಂಡು ನಗುತ್ತಿದ್ದರು. ಅವರು ಇನ್ನಷ್ಟು ಜೋರಾಗಿ ಮುರಿಯುತ್ತಿದ್ದರು.

ಮೊದಲನೇ ದಿನ ಕ್ಲಾಸಿಗೆ ಬಂದಾಗ ನಾವೆಲ್ಲ ಎದ್ದು ರಾಗವಾಗಿ “ಗುಡ್ ಮಾರ್ನಿಂಗ್ ಮಿಸ್” ಅಂದೆವು. ಅವರು ಕೊಡೆಯನ್ನು ಮೇಜಿನ ಮೇಲಿಟ್ಟು, “ಮಿಸ್ಸು ಗಿಸ್ಸು ಬ್ಯಾಡ. ನಮ್ಮ ಕಡೆ ಕಲಿಸಾಕ ಬಂದಾಕಿಗೆ ಅಕ್ಕೋರು ಅಂತಾರ. ಹಂಗ ಅನ್ರಿ” ಅಂದರು. ಇಂಗ್ಲಿಷ್ ಟೀಚರನ್ನು ಹಳ್ಳಿ ಕಡೆಯವರ ಹಾಗೆ ಕರೆಯುವುದೇ ಎಂದು ನಮಗೆ ನಗು. ಹೆಡ್‌ಮಾಸ್ಟರಿಗೂ ಅದು ಸರಿಬರಲಿಲ್ಲವಂತೆ. “ಸ್ಕೂಲಿನ ಸ್ಟ್ಯಾಂಡರ್ಡ್ ಏನಾಗ್ಬೇಕು?” ಎಂದು ಕೇಳಿದರಂತೆ. ಅಕ್ಕೋರು ಬದಲಾಗಲಿಲ್ಲ. ಒಂದು ತಿಂಗಳಲ್ಲಿ ಅಟೆಂಡರೂ ಅವರನ್ನು ಅಕ್ಕೋರು ಅನ್ನತೊಡಗಿದ.

ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡಿದ ಹಾಗೆ ತಿರುಗಿಸಿ ಬರೆಯಬೇಕು. ಡೈರೆಕ್ಟ್ ಸ್ಪೀಚು, ರಿಪೋರ್ಟೆಡ್ ಸ್ಪೀಚು. ಹಿಂದಿನ ಮೇಷ್ಟ್ರು ಇದಕ್ಕೊಂದು ಪಟ್ಟಿ ಬರೆಸಿ ಬಾಯಿಪಾಠ ಮಾಡಿಸಿದ್ದರು. ‘ನೌ’ ಇದ್ದರೆ ‘ದೆನ್’ ಮಾಡು, ‘ಹಿಯರ್’ ಇದ್ದರೆ ‘ದೇರ್’ ಮಾಡು, ‘ಟುಡೇ’ ಇದ್ದರೆ ‘ದಟ್ ಡೇ’ ಮಾಡು. ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆವು, ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಿದ್ದೆವು. ಎಲ್ಲರದೂ ಒಂದೇ ತಪ್ಪು. “ನಾಳೆ ಬರ್ತೀನಿ ಅಂತ ಅಪ್ಪ ಹೇಳಿದರು” ಎನ್ನುವುದನ್ನು “ಮೈ ಫಾದರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ” ಎಂದು ಬರೆದುಬಿಡುತ್ತಿದ್ದೆವು. ಬರಬೇಕಾದವರು ಅಪ್ಪ, ಹಾಳೆಯ ಮೇಲೆ ಬರುತ್ತಿದ್ದವಳು ನಾನು.

ಅಕ್ಕೋರು ಇದಕ್ಕೆ ಬೈಯಲಿಲ್ಲ. “ಇದು ನಿಮ್ಮ ದಡ್ಡತನ ಅಲ್ಲ” ಅಂದರು. “ಕನ್ನಡದಾಗ ಆಡಿದ ಮಾತು ಹೆಂಗಿತ್ತೋ ಹಂಗ ಎತ್ತಿಕೊಂಡು ಬಂದು, ಹಿಂದ ಒಂದು ‘ಅಂತ’ ಹಚ್ಚಿದ್ರ ಮುಗೀತು. ಇಂಗ್ಲಿಷಿನಾಗ ಹಂಗ ನಡಿಯಂಗಿಲ್ಲ. ಮಾತು ಹೊತ್ತುಕೊಂಡು ನೀ ದೂರ ಬಂದೀ ಅನ್ನೋದು ಅಲ್ಲಿ ಕಾಣಬೇಕು.”

ದೂರ ಬರುವುದೆಂದರೆ ಏನೆಂದು ನಮ್ಮನ್ನು ನಡೆಸಿಯೇ ತೋರಿಸಿದರು. ಇಬ್ಬರನ್ನು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ ಏನಾದರೂ ಹೇಳಬೇಕು. ಮೂರನೆಯವಳು ಕೇಳಿಸಿಕೊಂಡು ವರಾಂಡಕ್ಕೆ ಹೋಗಿ, ಕಿಟಕಿಯ ಸರಳು ಹಿಡಿದು ನಿಲ್ಲಬೇಕು.

“ಆಕಿ ‘ಇಲ್ಲೇ ಕುಂದ್ರು’ ಅಂದಳು. ಆ ‘ಇಲ್ಲೇ’ ಈಗ ನಿನಗ ಎಲ್ಲೈತಿ?”

“ಅಲ್ಲಿದೆ ಅಕ್ಕೋರೇ.”

“ಅದಕ್ಕ ಹಿಯರ್ ಹೋಗಿ ದೇರ್ ಆತು. ಇದನ್ನ ಬಾಯಿಪಾಠ ಮಾಡಬೇಕೇನು?”

ಕಾಲಕ್ಕೂ ಅವರದೊಂದು ಪದ್ಧತಿ ಇತ್ತು. ದಿನಾ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಆಡಿದ ಒಂದು ಮಾತನ್ನು ನಾವು ಕೇಳಿಸಿಕೊಳ್ಳಬೇಕು. ಆದರೆ ಅದೇ ದಿನ ಬರೆಯಕೂಡದು. “ಒಂದು ರಾತ್ರಿ ಕಳೀಲಿ, ಹೆಪ್ಪು ಹಾಕಿದ ಹಾಲಿನಂಗ. ನಾಳೆ ತರ್ರಿ” ಅನ್ನುತ್ತಿದ್ದರು. ಮಾರನೇ ದಿನ ತಂದಾಗ ಆ ಮಾತಿನ ‘ಇವತ್ತು’ ತಾನಾಗಿಯೇ ‘ಆ ದಿನ’ ಆಗಿರುತ್ತಿತ್ತು. ಎದ್ದು ನಿಂತು ಹೇಳುವಾಗ ಮೂರು ಪ್ರಶ್ನೆ ಕೇಳುತ್ತಿದ್ದರು: “ಯಾರಂದ್ರು? ಯಾರಿಗಂದ್ರು? ಹೆಂಗಂದ್ರು?” ಮೂರನೆಯದರ ಮೇಲೆ ಅವರಿಗೆ ವಿಶೇಷ ಕಣ್ಣು. ಅಂದವರು ಬರೀ ಹೇಳಿದರೋ, ಕೇಳಿದರೋ, ಬೇಡಿಕೊಂಡರೋ, ಅಪ್ಪಣೆ ಮಾಡಿದರೋ, ಹೆದರಿಸಿದರೋ? ಅದಕ್ಕೆ ತಕ್ಕ ಇಂಗ್ಲಿಷ್ ಪದ ಹಾಕಬೇಕು. “ಉಳಿದದ್ದೆಲ್ಲಾ ಅಭ್ಯಾಸದಿಂದ ಬರ್ತೈತಿ. ಇದೊಂದು ಮಾತ್ರ ನಿಮ್ಮ ನಿಯತ್ತು” ಅನ್ನುತ್ತಿದ್ದರು.

ಮಾತಿನ ಎರಡೂ ಕಡೆ ಹಾಕುವ ಉದ್ಧರಣೆ ಚಿಹ್ನೆಗೆ ಅವರು ಇಟ್ಟ ಹೆಸರು ಓಲೆ. “ಓಲಿ ಹಾಕಿದ ಮಾತು ಅಂದ್ರ ಮಾಲೀಕರ ಮಾತು. ಅದರಾಗ ಒಂದಕ್ಷರ ಮುಟ್ಟಂಗಿಲ್ಲ. ಓಲಿ ತಗದ ಮ್ಯಾಲೆ ಜವಾಬ್ದಾರಿ ನಿಂದು.” ಹಾಗೆ ಹೇಳುವಾಗ ಎರಡು ಬೆರಳನ್ನು ತಮ್ಮ ಎರಡೂ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಅವರ ಕಿವಿಯಲ್ಲಿ ನಿಜವಾದ ಓಲೆ ನಾನು ಕಂಡಿಲ್ಲ. ಬರೀ ತೂತಿಗೆ ಬೇವಿನ ಕಡ್ಡಿ ಸಿಗಿಸಿಕೊಂಡಿದ್ದರು.

ನಾನು ಒಂದು ಸಲ ಸಿಕ್ಕಿಹಾಕಿಕೊಂಡೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಕ್ಲಾಸಿಗೆ ತಗೊಂಡು ಹೋಗುವಂಥ ಮಾತೇ ಇಲ್ಲ ಎಂದು ನನಗೆ ನಾಚಿಕೆ. ಬ್ಯಾಂಕಿನವರ ಮಗಳು ತರುವ ಮಾತು ಎಷ್ಟು ಚೆಂದ, ನಮ್ಮದೇನು? ಹಾಗಾಗಿ ನಾನೇ ಒಂದು ಕಟ್ಟಿಕೊಂಡು ಹೋದೆ. ಅಮ್ಮ ನನಗೆ “ಚಂದ್ರ ಎಷ್ಟು ಸುಂದರವಾಗಿದ್ದಾನೆ” ಅಂದಳು ಅಂತ ಹೇಳಿದೆ. ಅಕ್ಕೋರು ನನ್ನನ್ನು ನೋಡಿದರು, ನನ್ನ ಹರಿದ ಲಂಗದ ಅಂಚನ್ನೂ ನೋಡಿದರು.

“ನಿಮ್ಮವ್ವ ಏನ್ ಕೆಲಸ ಮಾಡ್ತಾಳ ತಂಗಿ?”

“ಊದುಬತ್ತಿ ಹೊಸೀತಾರೆ.”

“ಆಕಿಗೆ ಚಂದ್ರನ್ನ ನೋಡಾಕ ಪುರುಸೊತ್ತು ಯಾವಾಗ ಸಿಕ್ತು? ನಿಮ್ಮವ್ವನ ಬಾಯಾಗ ನಿನ್ನ ಮಾತು ತುರುಕಬ್ಯಾಡ. ಆಕಿ ಅಂದದ್ದು ತಾ.”

ಕ್ಲಾಸೆಲ್ಲ ನಕ್ಕಿತು. ಅವತ್ತು ಅವರನ್ನು ನಾನು ದ್ವೇಷಿಸಿದೆ. ಮಾರನೇ ದಿನ ಸೇಡಿಗೆ ಬಿದ್ದವಳ ಹಾಗೆ ಎದ್ದು ನಿಂತು, “ಬೆರಳು ಉರೀತಾ ಇದೆ ಕಣೇ, ಇವತ್ತು ನೀನೇ ಅನ್ನ ಕಲಸಿ ನನ್ನ ಬಾಯಿಗೆ ಇಡು” ಅಂದಳು ನಮ್ಮಮ್ಮ ಎಂದೆ. ಅಕ್ಕೋರು ಸೀಮೆಸುಣ್ಣ ತಗೊಂಡು ಅದನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದರು. ನನ್ನ ತಾಯಿ, ತನ್ನ ಬೆರಳುಗಳು ಉರಿಯುತ್ತಿದ್ದವೆಂದು ಹೇಳಿ, ಆ ದಿನ ತನಗೆ ಉಣ್ಣಿಸೆಂದು ನನ್ನನ್ನು ಕೇಳಿಕೊಂಡಳು. ಅಷ್ಟುದ್ದದ ಇಂಗ್ಲಿಷ್ ವಾಕ್ಯದಲ್ಲಿ ನಮ್ಮಮ್ಮ ಇದ್ದಳು, ನಾನೂ ಇದ್ದೆ. ಯಾರೂ ನಗಲಿಲ್ಲ. ಅವತ್ತು ಸಂಜೆಯವರೆಗೂ ಆ ಬೋರ್ಡನ್ನು ಒರೆಸಲು ಅವರು ಬಿಡಲಿಲ್ಲ. ಲೆಕ್ಕದ ಮೇಷ್ಟ್ರು ಮೂಲೆಯಲ್ಲಿ ಉಳಿದ ಜಾಗದಲ್ಲೇ ಲೆಕ್ಕ ಮಾಡಿಸಿದರು.

ಹಾಗೆಂದು ಅವರೇನು ದೇವತೆಯಲ್ಲ. ಮುಂಗೋಪಿ. ತಡವರಿಸಿ ಮಾತಾಡುವವರನ್ನು ಕಂಡರೆ ತಾಳ್ಮೆ ಇರುತ್ತಿರಲಿಲ್ಲ, ಸೀಮೆಸುಣ್ಣ ಬೀಸಿ ಎಸೆಯುತ್ತಿದ್ದರು, ಗುರಿ ತಪ್ಪುತ್ತಿರಲಿಲ್ಲ. ಚೆನ್ನಾಗಿ ಬರೆದವರಿಗೆ ‘ಗುಡ್’ ಅನ್ನುವ ಅಭ್ಯಾಸವೇ ಇಲ್ಲ. ಹೆತ್ತ ತಾಯಿಯ ಜೊತೆಗೇ ವಾರಗಟ್ಟಲೆ ಮಾತು ಬಿಡುತ್ತಿದ್ದರೆಂದು ಆ ಮುದುಕಮ್ಮನೇ ನನಗೆ ಹೇಳಿದ್ದುಂಟು. ಜಗಳವೆಂದರೆ ಅವರಿಗೆ ಊಟಕ್ಕಿಂತ ಇಷ್ಟ.

ಒಂದು ಶನಿವಾರ ಸೀಮೆಎಣ್ಣೆ ಕ್ಯೂನಲ್ಲಿ ಅವರ ಹಿಂದೆಯೇ ನಾನೂ ನಿಂತಿದ್ದೆ. ಬೆಳಿಗ್ಗೆಯಿಂದ ನಿಂತವರಿಗೆ, ಎಣ್ಣೆ ಅಳೆದುಕೊಡುವಾತ ಬಂದು “ಸ್ಟಾಕ್ ಖಾಲಿ, ಎಲ್ಲಾ ಹೋಗ್ರಮ್ಮ” ಅಂದ. ತಲೆ ನರೆತ ಮನುಷ್ಯ. ಹೆಂಗಸರು ಗೊಣಗುತ್ತಾ ಡಬ್ಬ ಎತ್ತಿಕೊಂಡರು. ಅಕ್ಕೋರು ಅಲ್ಲಾಡಲಿಲ್ಲ.

“ಖಾಲಿ ಅಂತ ಯಾರಂದ್ರು?”

“ಸಾಹುಕಾರ್ರು ಅಂದ್ರು ಮೇಡಂ.”

“ಯಾರಿಗಂದ್ರು?”

“ನನ್ಗೆ.”

“ಹೆಂಗಂದ್ರು? ಅವರು ಅಂದದ್ದು ಅಂದಂಗ ಹೇಳ್ರಿ.”

ಆತ ಸತ್ಯವಂತನೋ ಸುಸ್ತಾಗಿದ್ದನೋ, “‘ಖಾಲಿ ಅಂತ ಹೇಳ್ಬಿಡು’ ಅಂದ್ರು” ಅಂದುಬಿಟ್ಟ. ಕ್ಯೂ ಪೂರ್ತಿ ಡಬ್ಬ ಕೆಳಗಿಟ್ಟಿತು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಎಣ್ಣೆ ಸಿಕ್ಕಿತು. ಅಕ್ಕೋರು ನನ್ನ ಕಡೆ ತಿರುಗಿ “ನೋಡಿದೀ? ಪರೀಕ್ಷಾಕ್ಕಷ್ಟ ಅಲ್ಲವ್ವ ಇದು” ಅಂದರು. ಅವರು ನಕ್ಕದ್ದು ಆ ಬೀದಿ ಕೊನೆಗೂ ಕೇಳಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯಲ್ಲಿ ನನಗೆ ಇಂಗ್ಲಿಷಿನಲ್ಲಿ ನೂರಕ್ಕೆ ಹತ್ತೊಂಬತ್ತು ಬಂತು. ಇಷ್ಟೆಲ್ಲ ಕಲಿಸಿದ ಅಕ್ಕೋರೇ ಕೊಟ್ಟ ಹತ್ತೊಂಬತ್ತು. ಮಾತು ತಿರುಗಿಸುವ ಆ ಒಂದು ಪ್ರಶ್ನೆ ಸರಿ ಬರೆದಿದ್ದೆ, ಪದ್ಯವೂ ಪತ್ರವೂ ಕೈಕೊಟ್ಟಿದ್ದವು. ಹೆಡ್‌ಮಾಸ್ಟರಿಗೆ ಆ ವರ್ಷ ನೂರಕ್ಕೆ ನೂರು ರಿಸಲ್ಟ್ ಬೇಕಾಗಿತ್ತು. ಆಡಳಿತ ಮಂಡಳಿ ಅವರ ಕುತ್ತಿಗೆ ಮೇಲೆ ಕೂತಿತ್ತು ಎಂದು ಈಗ ನನಗೆ ಅರ್ಥವಾಗುತ್ತದೆ. ಆದರೆ ಅವರು ಹುಡುಕಿದ ದಾರಿ ಕೆಟ್ಟದ್ದು. ಫೇಲಾಗಬಹುದು ಅನ್ನಿಸಿದ ಒಂಬತ್ತು ಜನರ ಪಟ್ಟಿ ಮಾಡಿದರು. ಅಷ್ಟೂ ಜನ ಹುಡುಗಿಯರು. ನಮಗಿಂತ ಕಡಿಮೆ ತೆಗೆದ ಹುಡುಗರು ನಮ್ಮ ಕ್ಲಾಸಿನಲ್ಲೇ ಇದ್ದರು. ಅವರ ಅಪ್ಪಂದಿರು ಜಗಳಕ್ಕೆ ಬಂದಾರು ಎಂದು ಅವರನ್ನು ಬಿಟ್ಟಿದ್ದರು.

ನಮ್ಮ ತಾಯಂದಿರನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ಬರಹೇಳಿದರು. ಆಗ ಅಪ್ಪಂದಿರು ಫ್ಯಾಕ್ಟರಿಯಲ್ಲಿರುತ್ತಾರೆ. ನಮ್ಮ ಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಹೆಡ್‌ಮಾಸ್ಟರು ಪೋಷಕರ ಜೊತೆ ಮಾತಾಡಿದ್ದನ್ನೆಲ್ಲ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು. ಪುಟಗಳಿಗೆ ಅಚ್ಚಾದ ನಂಬರು. ಕೊನೆಗೆ ಪೋಷಕರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ತಿಂಗಳಿಗೊಮ್ಮೆ ಆಡಳಿತ ಮಂಡಳಿಯವರು ಅದನ್ನು ನೋಡುತ್ತಿದ್ದರು. ಬರೆಯುವ ಕೆಲಸ, ಇಂಗ್ಲಿಷ್ ಚೆನ್ನಾಗಿರುವ ಕಾರಣಕ್ಕೆ, ಅಕ್ಕೋರದು. ತಮ್ಮ ಸಹಿಯ ಮೇಲೆ ಏನು ಬರೆದಿದೆ ಎಂದು ಆ ಕಡೆಯ ತಾಯಂದಿರಲ್ಲಿ ಒಬ್ಬರಿಗೂ ಓದಲು ಬರುತ್ತಿರಲಿಲ್ಲ.

ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಅಮ್ಮ ಕೈ ಎಷ್ಟು ತೊಳೆದರೂ ಕಪ್ಪು ಹೋಗಿರಲಿಲ್ಲ, ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬಂದಿದ್ದಳು. ನಾವು ಒಳಗೆ ಹೋದಾಗ ಅಕ್ಕೋರು ಮೇಜಿನ ಪಕ್ಕದಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಅಮ್ಮನನ್ನು ಅವರು ಅದುವರೆಗೆ ನೋಡಿರಲಿಲ್ಲ. ನೋಡಿದ ಕೂಡಲೇ, “ಬೆರಳಿನ ಉರಿ ಈಗ ಹೆಂಗೈತ್ರೀ?” ಅಂದರು. ಅಮ್ಮ ಬೆಪ್ಪಾಗಿ ನನ್ನ ಮುಖ ನೋಡಿದಳು.

ಹೆಡ್‌ಮಾಸ್ಟರು ಕುರ್ಚಿ ತೋರಿಸಲಿಲ್ಲ. “ನಿಮ್ಮ ಮಗಳ ತಲೇಲಿ ಏನೂ ಇಲ್ಲಮ್ಮ. ಊದುಬತ್ತಿ ಹೊಸೆಯೋಕೆ ಇಂಗ್ಲಿಷ್ ಯಾಕೆ? ಇವಳನ್ನ ಕೂರಿಸಿ ನನ್ನ ಸ್ಕೂಲಿನ ರಿಸಲ್ಟ್ ಹಾಳು ಮಾಡ್ಕೊಳ್ಲಾ? ಸೈನ್ ಹಾಕಿ ಕರ್ಕೊಂಡು ಹೋಗಿ” ಅಂದರು.

ಅಮ್ಮ ಕೈ ಮುಗಿದಳು. ಆಗ ಕಪ್ಪು ಬೆರಳು ಹೊರಗೆ ಬಂದವು. “ಒಂದೇ ಒಂದ್ಸಲ ಕೂರ್ಸಿ ಸ್ವಾಮಿ. ಫೇಲಾದ್ರೆ ಆಗ್ಲಿ. ಇವಳ ಬೆರಳೂ ನನ್ನ ಬೆರಳ ಥರ ಆಗೋದು ಬೇಡ.”

ಹೆಡ್‌ಮಾಸ್ಟರು ಅಕ್ಕೋರ ಕಡೆ ತಿರುಗಿದರು. “ಬರ್ಕೊಳಿ ಮೇಡಂ. ಮಗಳನ್ನ ಈ ವರ್ಷ ಪರೀಕ್ಷೆಗೆ ಕೂರಿಸೋದು ಬೇಡ ಅಂತ ತಾಯಿಯವರೇ ತಾವಾಗಿ ಕೇಳ್ಕೊಂಡ್ರು.”

ಅಕ್ಕೋರ ಪೆನ್ನು ನಿಂತಿತು. “ಯಾರು ಕೇಳ್ಕೊಂಡ್ರು?”

“ಎಲ್ಲರದೂ ಹಾಗೇ ಬರೀಬೇಕು. ಒಂಬತ್ತಕ್ಕೂ ಒಂದೇ ಥರ.”

“ಇವರು ಕೂರಸ್ರಿ ಅಂತ ಕೇಳ್ಕೊಂಡ್ರು ಸಾರ್. ಬ್ಯಾಡ ಅಂದವರು ನೀವು. ನಾ ಇಲ್ಲೇ ಕುಂತೀನಿ.”

“ನಿಮ್ಮ ಅಭಿಪ್ರಾಯ ಯಾರೂ ಕೇಳ್ಲಿಲ್ಲ. ಬರೀರಿ.”

ಬರೆದರು. ಹೆಡ್‌ಮಾಸ್ಟರಿಗೆ ಸಮಾಧಾನವಾದ ಹಾಗೆ ಕಂಡಿತು, ಫ್ಯಾನಿನ ಕಡೆ ನೋಡುತ್ತಾ ಕೂತರು. ಅಕ್ಕೋರು ಬರೆಯುತ್ತಲೇ ಇದ್ದರು, ಒಂದು ಸಾಲಿಗೆ ಹಿಡಿಯಬೇಕಾದ್ದಕ್ಕಿಂತ ಬಹಳ ಹೊತ್ತು. ಮುಗಿಸಿ, ಪುಸ್ತಕ ಎತ್ತಿ ಹಿಡಿದು, ಕ್ಲಾಸಿನಲ್ಲಿ ಓದುವ ಗಂಟಲಲ್ಲಿ ಓದಿದರು. ಅದು ಇಂಗ್ಲಿಷಲ್ಲ, ಕನ್ನಡ. ತಲೇಲಿ ಏನೂ ಇಲ್ಲ ಎಂಬುದರಿಂದ ಹಿಡಿದು ಸೈನ್ ಹಾಕಿ ಎಂಬುದರವರೆಗೆ ಹೆಡ್‌ಮಾಸ್ಟರು ಅಂದದ್ದು ಅಂದ ಹಾಗೆ, ಅದರ ಕೆಳಗೆ ಅಮ್ಮ ಅಂದದ್ದು ಅಂದ ಹಾಗೆ.

ಹೆಡ್‌ಮಾಸ್ಟರ ಮುಖ ಕೆಂಪಗಾಯಿತು. “ಇಂಗ್ಲಿಷ್ ಟೀಚರಾಗಿ ಈ ಬುಕ್ಕಲ್ಲಿ ಕನ್ನಡ ಬರೀತೀರಾ?”

“ಹೌದ್ರಿ. ಇಂಗ್ಲಿಷಿಗೆ ತಿರುಗಿಸಿದ್ರ ನಿಮ್ಮ ಮಾತು ಬಹಳ ಮೆತ್ತಗಾಗ್ತೈತಿ. ಅದಕ್ಕ ಓಲಿ ಹಾಕಿ ಇದ್ದಂಗ ಇಟ್ಟೀನಿ.”

ಓಲೆ ಎಂದರೆ ಏನೆಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಹದಿನಾರು ವರ್ಷದಲ್ಲಿ ಮೊದಲ ಸಲ ನನಗೆ ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕು ಅನ್ನಿಸಿತು.

“ಇದನ್ನ ಹೊಡೆದು ಹಾಕಿ ಬೇರೆ ಬರೀರಿ.”

“ಹೊಡೀರಿ, ನೀವ ಹೊಡೀರಿ. ಪುಟಕ್ಕ ನಂಬರ್ ಐತಿ. ಯಾಕ ಹೊಡದ್ರಿ ಅಂತ ಕಮಿಟಿಯವರು ನಿಮ್ಮನ್ನ ಕೇಳ್ತಾರ.” ಆಮೇಲೆ ಅಮ್ಮನ ಕಡೆ ತಿರುಗಿ, ದನಿ ಇಳಿಸಿ, “ನೀವಂದದ್ದು ಇದ ಹೌದಲ್ರೀ?” ಎಂದು ಕೇಳಿದರು.

“ಹೌದಕ್ಕ.”

“ಹಂಗಾರ ಇಲ್ಲಿ ಸಹಿ ಮಾಡ್ರಿ.”

ಅಮ್ಮನಿಗೆ ಹೆಸರು ಬರೆಯಲು ಬರುತ್ತಿತ್ತು. ಮೂರೇ ಅಕ್ಷರ, ಅದಕ್ಕೆ ಅವಳು ತೆಗೆದುಕೊಂಡ ಸಮಯದಲ್ಲಿ ಬೇರೆಯವರು ಒಂದು ಪತ್ರ ಬರೆದು ಮುಗಿಸುತ್ತಿದ್ದರು. ಹಾಳೆಯ ಅಂಚಿನಲ್ಲಿ ಅಮ್ಮನ ಬೆರಳಿನ ಕಪ್ಪು ಅಂಟಿತು.

ಹೊರಗೆ ವರಾಂಡದಲ್ಲಿ ಮಿಕ್ಕ ಎಂಟು ತಾಯಂದಿರು ಗೋಡೆಗೆ ಒರಗಿ ಕೂತಿದ್ದರು. ಮನೆಯಲ್ಲಿ ಅಪ್ಪನ ಎದುರು ದನಿ ಎತ್ತದ ನಮ್ಮಮ್ಮ ಅಲ್ಲಿ ನಿಂತು, “ನಾವೇ ಬೇಡ ಅಂದ್ವಿ ಅಂತ ಬರ್ಕೊತಾವ್ರೆ ಕಣ್ರಮ್ಮ. ಯಾರೂ ಹೆಬ್ಬೆಟ್ಟು ಒತ್ತಬೇಡಿ” ಅಂದಳು. ಯಾರೂ ಒತ್ತಲಿಲ್ಲ. ಮುಂದಿನ ವಾರ ಒಂಬತ್ತು ಜನರಿಗೂ ಹಾಲ್ ಟಿಕೆಟ್ ಬಂತು.

ಇಲ್ಲಿ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆಗಲಿಲ್ಲ. ಒಂಬತ್ತರಲ್ಲಿ ಆರು ಜನ ಪಾಸು, ಮೂವರು ಫೇಲು. ಮೂವರಲ್ಲಿ ನಾನೊಬ್ಬಳು, ಅದೂ ಇಂಗ್ಲಿಷಿನಲ್ಲೇ. ಹೆಡ್‌ಮಾಸ್ಟರ ನೂರಕ್ಕೆ ನೂರು ಹೋಯಿತು. ಆ ಹೊತ್ತಿಗೆ ಅಕ್ಕೋರ ಕೆಲಸವೂ ಹೋಗಿತ್ತು. ನಮಗಾಗಿ ಕೆಲಸ ಕಳೆದುಕೊಂಡವರಿಗೆ ಯಾವ ಮುಖ ತೋರಿಸುವುದು ಎಂದು ಎರಡು ವಾರ ಮನೆಯೊಳಗೇ ಕೂತಿದ್ದೆ. ಅಮ್ಮನೇ ಬೈದು ವಿಜಯನಗರಕ್ಕೆ ಕಳಿಸಿದಳು. ಅವರು ಬಾಗಿಲಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದರು. ನಾನು ಅಳುವುದಕ್ಕೆ ಶುರು ಮಾಡಿದೆ.

“ಅಳಾಕ ಏನಾಗೈತಿ?” ಅಂದರು. “ನೀ ಕುಂತೀ, ನೀ ಬರದೀ, ನೀ ಫೇಲಾದೀ. ಅದು ನಿಂದು. ಯಾರೋ ನಿನ್ನ ಹೆಸರಲೆ ಬ್ಯಾಡ ಅಂದದ್ದಲ್ಲ. ಅಕ್ಟೋಬರದಾಗ ಮತ್ತ ಕುಂದ್ರು. ಪುಸ್ತಕ ತಂದೀ ಏನು?”

ತಂದಿರಲಿಲ್ಲ. ಮಾರನೇ ದಿನದಿಂದ ತಗೊಂಡು ಹೋದೆ. ಅಕ್ಟೋಬರಿನಲ್ಲಿ ಪಾಸಾದೆ. ಆಗಲೂ ಅವರು ‘ಗುಡ್’ ಅನ್ನಲಿಲ್ಲ. ಟೈಪಿಂಗ್ ಕಲಿ ಅಂದರು.

ಟೈಪಿಂಗ್ ಕಲಿತೆ. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದೆ. ಸಾಕ್ಷಿಗಳು ಕನ್ನಡದಲ್ಲಿ ಹೇಳುತ್ತಾರೆ, ಜಡ್ಜ್ ಸಾಹೇಬರು ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡುತ್ತಾರೆ, ನಾವು ಬಡಿಯುತ್ತೇವೆ. ಒಂದು ಸಲ ಒಬ್ಬ ಹೆಂಗಸು “ಅವರು ಹೊಡೆದ್ರು, ಅದಕ್ಕೆ ಮನೆ ಬಿಟ್ಟೆ” ಅಂದಳು. ಬೆಳಗಿನಿಂದ ದಣಿದಿದ್ದ ಸಾಹೇಬರು, ಆಕೆ ತಾನಾಗಿ ಮನೆ ಬಿಟ್ಟಳು ಎಂದಷ್ಟೇ ಹೇಳಿದರು. ನನ್ನ ಬೆರಳು ನಿಂತಿತು. “ಸಾರ್, ಆಯಮ್ಮ ಹೊಡೆದ್ರು ಅಂತ ಮೊದಲು ಹೇಳಿದ್ರು” ಅಂದೆ. ಇಡೀ ಹಾಲ್ ನನ್ನನ್ನೇ ನೋಡಿತು. ಸಾಹೇಬರು ಕನ್ನಡಕ ತೆಗೆದು ನೋಡಿದರು, ಆಮೇಲೆ ಆ ಮಾತನ್ನೂ ಸೇರಿಸಿದರು. ನನ್ನ ಮೇಲಿನವರು ಸಂಜೆ ಕರೆದು ಬೈದರು. ಬೈಸಿಕೊಂಡೆ. ಆ ಬೈಗುಳದಿಂದ ನನ್ನ ಕೂದಲೂ ಕೊಂಕಲಿಲ್ಲ.

ಅಕ್ಕೋರಿಗೆ ಮತ್ತೆ ಯಾವ ಸ್ಕೂಲಿನಲ್ಲೂ ಕೆಲಸ ಸಿಗಲಿಲ್ಲ. ಹಿಂದಿನ ಸ್ಕೂಲಿನ ಸರ್ಟಿಫಿಕೇಟ್ ಎಲ್ಲಿ ಎಂದು ಎಲ್ಲರೂ ಕೇಳುತ್ತಿದ್ದರು. ತಾಯಿ ಹೋದ ಮೇಲೆ ಕೆಂಗೇರಿಗೆ ಮನೆ ಬದಲಾಯಿಸಿದರು. ಸಂಜೆ ಹೊತ್ತು ಫ್ಯಾಕ್ಟರಿಗೆ ಹೋಗುವ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು, ಎಪ್ಪತ್ತು ದಾಟುವವರೆಗೂ. ನಾನು ಹೋದಾಗೆಲ್ಲ ಕಿಟಕಿಯ ಆಚೆ ಯಾರಾದರೂ ಒಬ್ಬಳು ಸರಳು ಹಿಡಿದು ನಿಂತಿರುತ್ತಿದ್ದಳು. ಸುಖವಾಗಿದ್ದರು ಎಂದು ಹೇಳಲಾರೆ. ಕಷ್ಟಪಟ್ಟರು. ಒಮ್ಮೆ ನಾನು ತಡೆಯಲಾರದೆ “ನಮ್ಮಿಂದ ನಿಮಗೆ ಹೀಗಾಯ್ತಲ್ಲ ಅಕ್ಕೋರೇ” ಅಂದದ್ದಕ್ಕೆ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು.

ಇನ್ನು ಆ ಏಪ್ರಿಲ್‌ನ ಮಾತೊಂದು ಉಳಿದಿದೆ, ನಾನು ಬಾಗಿಲ ಹತ್ತಿರ ನಿಂತಿದ್ದ ದಿನದ್ದು. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಲೈಬ್ರರಿ ಪುಸ್ತಕ ವಾಪಸು ಕೊಡಲು ಹೋಗಿದ್ದೆ. ಹೆಡ್‌ಮಾಸ್ಟರ ಬಾಗಿಲು ಅರ್ಧ ತೆರೆದಿತ್ತು. ಅವರು ಅವತ್ತು ಬೈಯುತ್ತಿರಲಿಲ್ಲ, ಮೃದುವಾಗಿಯೇ ಮಾತಾಡುತ್ತಿದ್ದರು.

“ನೋಡಿ ಮೇಡಂ, ಸ್ವಂತ ಇಚ್ಛೆಯಿಂದ ಬಿಡ್ತಾ ಇದೀನಿ ಅಂತ ಎರಡು ಲೈನ್ ಬರ್ಕೊಟ್ಬಿಡಿ. ಒಳ್ಳೇ ಸರ್ಟಿಫಿಕೇಟ್ ಕೊಡ್ತೀನಿ, ಬೇರೆ ಕಡೆ ಕೆಲಸ ಸಿಗುತ್ತೆ. ನಿಮಗೂ ಮರ್ಯಾದೆ, ನಮಗೂ ಮರ್ಯಾದೆ.”

ಅಕ್ಕೋರಿಗೆ ಆ ಕೆಲಸ ಬೇಕಾಗಿತ್ತು. ಮನೆಯಲ್ಲಿ ಕಾಯಿಲೆಯ ತಾಯಿ ಇದ್ದರು. ಬರೆದುಕೊಡುತ್ತಾರೇನೋ ಎಂದು ನಾನು ಹೆದರಿದೆ. ಬರೆದುಕೊಡಲಿ ಎಂದೂ ಒಳಗೊಳಗೇ ಬೇಡಿಕೊಂಡೆ. ಅವರು ಹೀಗಂದರು:

“ನನ್ನ ಇಚ್ಛಾ ಕಲಿಸೂದು. ಬಿಡಿಸೂದು ನಿಮ್ಮ ಇಚ್ಛಾ. ನಿಮ್ಮ ಇಚ್ಛಾಕ್ಕ ನನ್ನ ಸಹಿ ಯಾಕ ಬೇಕ್ರಿ?”

ಕೊಡೆ ಎತ್ತಿಕೊಂಡು ಹೊರಗೆ ಬಂದರು. ಬಾಗಿಲಲ್ಲಿ ನನ್ನನ್ನು ನೋಡಿ ನಿಂತರು. ಕಣ್ಣು ಕೆಂಪಗಿದ್ದವು, ಅಳುತ್ತಿರಲಿಲ್ಲ.

“ಕೇಳಿಸ್ಕೊಂಡೀ?”

“ಹ್ಞೂಂ ಅಕ್ಕೋರೇ.”

“ಇವತ್ತ ಬರೀಬ್ಯಾಡ. ನಾಳೆ ತಾ.”

ಮಾರನೇ ದಿನದಿಂದ ಅವರು ಸ್ಕೂಲಿಗೆ ಬರಲಿಲ್ಲ, ಅದನ್ನು ತೋರಿಸಲು ನನಗೆ ಕ್ಲಾಸೂ ಇರಲಿಲ್ಲ. ಅವರು ಬರೆದುಕೊಡದ ಎರಡು ಸಾಲನ್ನು ಸ್ಕೂಲಿನವರೇ ಬರೆದುಕೊಂಡರು. ಅದನ್ನೇ ಹೋದ ತಿಂಗಳು ಫೋಟೋದ ಮುಂದೆ ನಿಂತು ಓದಿದ್ದು. ನಾನು ತರಬೇಕಾಗಿದ್ದದ್ದು ತಡವಾಗಿದೆ, ಐವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ. ಯಾರಂದರು, ಯಾರಿಗಂದರು, ಹೇಗಂದರು, ಮೂರನ್ನೂ ಮೇಲೆ ಬರೆದಿದ್ದೇನೆ. ಕಾರ್ಯದರ್ಶಿಗಳೇ, ಇದನ್ನು ನಿಮ್ಮ ದಾಖಲೆಗೆ ಸೇರಿಸಿಕೊಳ್ಳಿ. ಅಕ್ಕೋರ ಮಾತಿಗೆ ಓಲೆ ಹಾಕಿಯೇ ಕೊಟ್ಟಿದ್ದೇನೆ. ತೆಗೆಯಬೇಡಿ.